ಹಳೇ ಊರಿನ ಗೌಡತಿ

ದೊಡ್ಡವ್ವನ ಎಡಗೈ ಮಣಿಕಟ್ಟಿನ ಒಳಬದಿಗೆ, ನಾಡಿ ಹಿಡಿದು ನೋಡುವ ಜಾಗದಲ್ಲೇ, ಅಕ್ಕಿಕಾಳಿನಷ್ಟು ಉದ್ದದ ಒಂದು ಬಿಳಿ ಗುರುತಿತ್ತು. ರೊಟ್ಟಿ ಬಡಿಯುವಾಗ ಕೈತುಂಬ ಹಿಟ್ಟು ಮೆತ್ತಿದರೂ ಅದು ಮರೆಯಾಗುತ್ತಿರಲಿಲ್ಲ. ನಾನು ಸಣ್ಣವಳಿದ್ದಾಗ ಒಮ್ಮೆ ಅದರ ಮೇಲೆ ಬೆರಳಿಟ್ಟು, "ಇದೇನ ದೊಡ್ಡವ್ವಾ, ಸುಟ್ಟದ್ದೇನು?" ಎಂದು ಕೇಳಿದೆ.

"ಸುಟ್ಟದ್ದಲ್ಲ ಯವ್ವಾ, ಬಳಿ ಒಡದದ್ದು."

"ಯಾರ ಒಡದ್ರು?"

"ನಮ್ಮ ಮಂದೀನ. ಮತ್ತ ಹೊರಗಿನವರು ಬಂದ ಒಡೀತಾರೇನು?" ಎಂದು ರೊಟ್ಟಿ ತಿರುವಿ ಹಾಕಿದಳು.

ಆಕೆ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪನನ್ನು ನಾನು ನೋಡಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡನಂತೆ. ದೊಡ್ಡವ್ವ ತವರಿಗೆ ಹೋಗಲಿಲ್ಲ. ದೊಡವಾಡದ ನಮ್ಮ ಮನೆಯಲ್ಲೇ ಉಳಿದಳು. ನಮ್ಮನ್ನೆಲ್ಲ ಎತ್ತಿ ಆಡಿಸಿದಳು, ದನ ಕಟ್ಟಿದಳು, ಹತ್ತಿ ಬಿಡಿಸಿದಳು. ಮನೆಯ ಹಿರಿಯ ಸೊಸೆ ಆಕೆಯೇ, ಆದರೂ ಹಬ್ಬ ಹುಣ್ಣಿಮೆ ಬಂದರೆ ಮುಂದೆ ನಿಲ್ಲುವವಳು ನನ್ನ ಅವ್ವ. ದೊಡ್ಡವ್ವ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕಡುಬು ಎಣ್ಣೆಗೆ ಬಿಡುತ್ತಿದ್ದಳೋ, ಸಾರು ಇಳಿಸುತ್ತಿದ್ದಳೋ, ಅಂತೂ ಕೆಲಸಕ್ಕೆ ಬೇಕು, ಕಣ್ಣಿಗೆ ಬೇಡ.

ಎತ್ತರದ ಹೆಂಗಸು. ನಮ್ಮ ಮನೆಯ ಬಾಗಿಲುಗಳೆಲ್ಲ ಗಿಡ್ಡ. ದಿನಕ್ಕೊಮ್ಮೆಯಾದರೂ ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯುತ್ತಿದ್ದಳು. ಟೊಂಕದಲ್ಲಿ ಎಲೆ ಅಡಿಕೆಯ ಚಂಚಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ದನಿಯಂತೂ ಓಣಿಯ ಆಚೆ ತುದಿಗೆ ಕೇಳುವಂಥದ್ದು. ಆಕೆ ಫೋನಿನಲ್ಲಿ ಮಾತಾಡುವುದನ್ನು ಕೇಳಿದರೆ ಫೋನು ಯಾಕೆ ಬೇಕು ಅನಿಸುತ್ತಿತ್ತು.

ಆಕೆಗೊಂದು ಚಾಳಿ ಇತ್ತು. ಯಾರಾದರೂ "ಹಂಗ ಮಾಡಬಾರದು" ಎಂದರೆ ಸಾಕು, "ಮಾಡಿದ್ರ ಏನಾಕ್ಕೈತಿ? ಹೇಳ, ಕೇಳೂಣ" ಎನ್ನುತ್ತಿದ್ದಳು. ಅದು ಕುಹಕವಲ್ಲ. ಕೇಳಿದ ಮೇಲೆ ಕೆಲಸ ಬಿಟ್ಟು ಕೆಳಗೆ ಕೂತು, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು, ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎಂದು ಅವ್ವ ಒಮ್ಮೆ ಹೇಳಿದಾಗ ಹೀಗೇ ಕೂತಳು.

"ಗುಡಿಸಿದ್ರ ಲಕ್ಷ್ಮಿ ಹೋಗತಾಳಕ್ಕಾ," ಎಂದಳು ಅವ್ವ.

"ಇಷ್ಟ ವರ್ಷ ಗುಡಿಸಲಿಲ್ಲಲ್ಲ, ಬಂದ ಎಲ್ಲಿ ಕುಂತಾಳ? ತೋರಸ, ನಾನೂ ಕೈ ಮುಗೀತೇನಿ."

ಅವ್ವ ಸಿಟ್ಟಿನಿಂದ ಕಸಬರಿಗೆ ಕಸಿದುಕೊಂಡು ತಾನೇ ಗುಡಿಸಿದಳು. ದೊಡ್ಡವ್ವ ಅಡಿಕೆ ಬಾಯಿಗೆ ಹಾಕಿಕೊಂಡಳು.

ಆದರೆ ಬಳೆ, ಕುಂಕುಮ, ಉಡಿ ಇವುಗಳ ವಿಷಯದಲ್ಲಿ ಮಾತ್ರ ಆಕೆ ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಉಡಿ ತುಂಬುವುದೆಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮಾಡುವ ದೊಡ್ಡ ಮರ್ಯಾದೆ. ಸೆರಗು ಒಡ್ಡಿಸಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ಹಾಕಿ ಹರಸುತ್ತಾರೆ. ತುಂಬುವವಳೂ ಮುತ್ತೈದೆಯಾಗಿರಬೇಕು, ತುಂಬಿಸಿಕೊಳ್ಳುವವಳೂ ಮುತ್ತೈದೆಯಾಗಿರಬೇಕು. ನನ್ನ ಮದುವೆಯಲ್ಲಿ ಗುರುತಿಲ್ಲದ ಹೆಂಗಸರೆಲ್ಲ ಬಂದು ನನ್ನ ಉಡಿ ತುಂಬಿದರು. ನನಗೆ ಹಾಲು ಕುಡಿಸಿ, ಜಡೆ ಹಾಕಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡ ದೊಡ್ಡವ್ವ ಒಳಗೆ ಬುಂದಿ ಕಾಳು ಕರಿಯುತ್ತಿದ್ದಳು. "ದೊಡ್ಡವ್ವನ್ನ ಕರೀರಿ" ಎಂದು ನಾನು ಹಸೆಯ ಮೇಲಿಂದಲೇ ಅಂದದ್ದಕ್ಕೆ ಅವ್ವ ನನ್ನ ತೊಡೆ ಚಿವುಟಿದಳು. ಆವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನು ಬೈಲಹೊಂಗಲದ ಸೊಸೆ. ಅಲ್ಲಿಯ ಡಿಪೋದಲ್ಲೇ ಕಂಡಕ್ಟರ್. ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದೇ ತಡ, ದೊಡ್ಡವ್ವ ನನ್ನ ಬಸ್ಸು ಹತ್ತಿ ಎಲ್ಲೆಲ್ಲಿಗೋ ಹೋಗಿಬರತೊಡಗಿದಳು. ನೇಸರಗಿ ಸಂತೆಗೆ ಹೋಗುವಳು, ಏನೂ ಕೊಳ್ಳದೆ ಬರುವಳು. "ಇನ್ನ ನನ್ನ ಹಿಡಿಯಾವ್ರ ಯಾರು?" ಎಂದು ಮುಂದಿನ ಸೀಟಿನಲ್ಲಿ ಕೂತು ಜಬರದಸ್ತು ಮಾಡುತ್ತಿದ್ದಳು. ಹಾಗೆ ಬರುವಾಗ ಒಂದು ದಿನ, ನಮ್ಮ ಡಿಪೋದಿಂದ ನಿವೃತ್ತನಾದ ಡ್ರೈವರ್ ಕಾಕಾ ಬಸ್ಸಿನಲ್ಲಿ ಸಿಕ್ಕ. ಆತನಿಗೆ ಬಿಳಿ ಹುರಿಮೀಸೆ, ಅದರಿಂದಲೇ ಆತನಿಗೊಂದು ಕೆಲಸ ಸಿಕ್ಕಿತ್ತು. ಕಿತ್ತೂರ ದಾರಿಯ 'ಹಳೇ ಊರಿ'ನಲ್ಲಿ ಆತ ಗೌಡನಾಗಿದ್ದ.

"ಗೌಡತಿ ಒಬ್ಬಾಕಿ ಬೇಕಾಗ್ಯಾಳ," ಎಂದ ಕಾಕಾ. "ಮೊದಲಿನಾಕಿ ಮಗಳ ಬಾಣಂತನಕ್ಕ ಹ್ವಾದ್ಲು. ಬೀಸಾಕ, ರೊಟ್ಟಿ ಬಡಿಯಾಕ, ಬಂದವರನ್ನ ಮಾತಾಡಸಾಕ ಬಂದ್ರ ಸಾಕು."

"ಗೌಡತಿ ಆಗಾಕ ಏನೇನ ಮಾಡಬಾರದು?" ಎಂದು ಕೇಳಿದಳು ದೊಡ್ಡವ್ವ.

"ಮೊಬೈಲ್ ತಗೀಬಾರದು, ಅಷ್ಟ."

"ಹಂಗಾದ್ರ ಬರತೇನಿ."

ಹಳೇ ಊರು ಒಂದು ಕಾಲಕ್ಕೆ ನಿಜವಾದ ಊರೇ. ರಸ್ತೆ ಆದ ಮೇಲೆ ಜನ ರಸ್ತೆ ಬದಿಗೆ ಸಿಮೆಂಟಿನ ಮನೆ ಕಟ್ಟಿಕೊಂಡು ಹೊರಬಂದರು. ಹಿಂದಿನ ಓಣಿ ಹಾಳು ಬಿತ್ತು. ಯಾರೋ ಅನುಕೂಲಸ್ಥರು ಅದಷ್ಟನ್ನೂ ಕೊಂಡು, ಬಿದ್ದದ್ದನ್ನು ಎತ್ತಿ ಕಟ್ಟಿ, ಮೊದಲು ಹೇಗಿತ್ತೋ ಹಾಗೆ ಮಾಡಿ, 'ಹತ್ತೊಂಬತ್ತನೆಯ ಶತಮಾನದ ಗ್ರಾಮ' ಎಂದು ಫಲಕ ಹಾಕಿದರು. ಗೇಟಿನ ಈಚೆ ಚಹಾದಂಗಡಿ, ಪಂಕ್ಚರ್ ಅಂಗಡಿ, ಮೊಬೈಲ್ ಟವರು. ಆಚೆ ಮಣ್ಣಿನ ಮಾಳಿಗೆಯ ಮನೆಗಳು, ಗೌಡರ ವಾಡೆ, ಕಂಬಾರನ ಕುಲುಮೆ, ಎಣ್ಣೆಯ ಗಾಣ, ಒಂದೇ ಕೋಣೆಯ ಸಾಲಿ. ನಮ್ಮ ಮನೆಯಲ್ಲಿ ದಿನಾ ಕಾಣುವ ಸಗಣಿ ನೆಲವನ್ನೇ ಇಲ್ಲಿ ದುಡ್ಡು ಕೊಟ್ಟು ನೋಡಲು ಜನ ಬೆಳಗಾವಿ, ಹುಬ್ಬಳ್ಳಿಯಿಂದ ಬರುತ್ತಾರೆ. ಕಾರಿನಿಂದ ಇಳಿದವರು ಆ ನೆಲದ ಮೇಲೆ ಕಾಲಿಡಲು ಹಿಂದೆಮುಂದೆ ನೋಡುವುದನ್ನು ಕಂಡರೆ ನನಗೆ ನಗು ಬರುತ್ತಿತ್ತು, ಒಂದಿಷ್ಟು ಉರಿಯುತ್ತಲೂ ಇತ್ತು.

ದೊಡ್ಡವ್ವ ಕೆಲಸಕ್ಕೆ ಸೇರುವ ದಿನ ನನಗೆ ವಾರದ ರಜೆ. ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಮ್ಯಾನೇಜರ್ ಮೈಸೂರು ಕಡೆಯ ಹುಡುಗ, ಒಳ್ಳೆಯವ. "ಎಲ್ಲಾ ಆ ಕಾಲದ ಹಾಗೇ ಇರಬೇಕು ಅಜ್ಜೀ" ಎನ್ನುವುದು ಅವನ ಜಪ. ಕಾಕಾನ ಕೈಗಡಿಯಾರ ಬಿಚ್ಚಿಸಿದ್ದ, ಬಾವಿಯ ಹತ್ತಿರ ಇಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟು ಎಸೆದಿದ್ದ. ದೊಡ್ಡವ್ವನಿಗೆ ಇಳಕಲ್ ಸೀರೆ ಕೊಟ್ಟ. ಆಮೇಲೆ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಹಸಿರು ಬಳೆಗಳನ್ನೂ ಒಂದು ತಾಳಿಯನ್ನೂ ಇಳಿಸಿ, "ಬೆಳಗ್ಗೆ ಹಾಕ್ಕೊಳ್ಳಿ, ಸಂಜೆ ತೆಗೆದು ಇಲ್ಲೇ ತೂಗುಹಾಕಿ" ಎಂದ. ಬಳೆ ಎಂದರೆ ಟೋಪಿ ಇದ್ದ ಹಾಗೆ, ಬೇಕಾದಾಗ ಹಾಕಿ ತೆಗೆಯಬಹುದು ಎಂದು ಆ ಗಂಡುಹುಡುಗ ತಿಳಿದಿದ್ದ.

ದೊಡ್ಡವ್ವ ಬಳೆಗಳನ್ನು ಕೈಯಲ್ಲಿ ಹಿಡಿದು ತಟ್ಟಿ ನೋಡಿದಳು. ಟಪ್ ಟಪ್ ಎಂದವು.

"ಸಾಹೇಬ್ರ, ಆ ಕಾಲಕ್ಕ ಪ್ಲಾಸ್ಟಿಕ್ ಇತ್ತೇನ್ರಿ?"

ಹುಡುಗನ ಮುಖ ಕೆಂಪಾಯಿತು. ಓಣಿಯ ಬೇವಿನ ಗಿಡದ ಕೆಳಗೆ ಬಂದ ಮಂದಿಗೆ ಬಳೆ ಮಾರುತ್ತಿದ್ದ ಬಳೆಗಾರ್ತಿಯನ್ನು ಕೂಗಿ ಕರೆದ.

ಬಳೆಗಾರ್ತಿ ದೊಡ್ಡವ್ವನ ಕೈ ಹಿಡಿದವಳು ಮೊದಲು ಮಣಿಕಟ್ಟಿನ ಗುರುತು ನೋಡಿದಳು, ಆಮೇಲೆ ತಾಳಿಯಿಲ್ಲದ ಕೊರಳು ನೋಡಿದಳು. ಅವಳಿಗೆ ತಿಳಿಯಿತು. ದನಿ ತಗ್ಗಿಸಿ, "ಇಡಲೇನ ಯಕ್ಕಾ?" ಎಂದಳು.

"ಇಡ."

"ಗಾಜಿನ್ವು. ನಿನ್ನ ಕೈ ದೊಡ್ಡದೈತಿ, ಅಮಚಿ ಇಡಬೇಕು. ಒಮ್ಮೆ ಏರಿದ್ರ ಇಳ್ಯಾಂಗಿಲ್ಲ ಮತ್ತ."

"ಅದಕ್ಕ ಇಡ ಅಂದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಬಳೆಗಾರ್ತಿ ಆ ದೊಡ್ಡ ಕೈಯನ್ನು ಹಿಂಡಿ ಹಿಸುಕಿ ಒಂದೊಂದೇ ಬಳೆ ಏರಿಸಿದಳು. ದೊಡ್ಡವ್ವ ಹಲ್ಲು ಕಚ್ಚಿ ಕೂತಿದ್ದಳು. ನೋವಿಗೋ ಇನ್ನೇತಕ್ಕೋ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎರಡೂ ಕೈ ತುಂಬಿದ ಮೇಲೆ ಮ್ಯಾನೇಜರ್ ತಾಳಿ ಮುಂದೆ ಮಾಡಿದ.

"ಅದ ಬ್ಯಾಡ್ರಿ," ಎಂದಳು. "ತಾಳಿ ಅವ ಕಟ್ಟಿದ್ದು, ಅವನ ಕೂಡ ಹೋತು. ಬಳಿ ಹುಟ್ಟಿದಾಗಿಂದ ನಂದು."

ಹುಡುಗನಿಗೆ ಅರ್ಥವಾಯಿತೋ ಇಲ್ಲವೋ. ಸೆರಗು ಹೊದ್ದರೆ ಕೊರಳು ಕಾಣುವುದಿಲ್ಲ ಎಂದು ಸುಮ್ಮನಾದ.

ನಾನೂ ಟಿಕೀಟು ತೆಗೆಸಿ, ಬಂದ ಮಂದಿಯ ಹಿಂದೆ ಊರು ನೋಡುತ್ತ ಹೋದೆ. ಕಂಬಾರ ಕುಡಗೋಲು ಬಡಿದು ತೋರಿಸಿದ. ಗಾಣದ ಎತ್ತು ಫೋಟೋಕ್ಕೆ ನಿಂತು ರೂಢಿಯಾಗಿ, ಕ್ಯಾಮೆರಾ ಕಂಡರೆ ತಾನೇ ನಿಲ್ಲುತ್ತಿತ್ತು. ಕೊನೆಗೆ ಗೌಡರ ವಾಡೆ. ಪಡಸಾಲೆಯಲ್ಲಿ ಕಾಕಾ ಮೀಸೆ ತಿರುವುತ್ತ ಕೂತಿದ್ದ. ನಡುಮನೆಯ ಹೊಸ್ತಿಲ ಮೇಲೆ ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ ಹಾಕಿಕೊಂಡ ದೊಡ್ಡವ್ವ ನಿಂತಿದ್ದಳು. ನಾನು ಹುಟ್ಟಿದಾಗಿನಿಂದ ನೋಡಿದ ಹೆಂಗಸು, ನನಗೇ ಗುರುತು ಹತ್ತಲಿಲ್ಲ.

"ಬರ್ರಿ ಯವ್ವಾ, ಯಾ ಊರಿನವರು?" ಎಂದಳು ನನ್ನನ್ನು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ.

"ಬೈಲಹೊಂಗಲ್ದವರ್ರಿ," ಎಂದೆ.

"ತವರಮನಿ?"

"ದೊಡವಾಡ್ರಿ."

"ಅಲ್ಲಿ ನಿಮ್ಮ ದೊಡ್ಡವ್ವ ಭಾಳ ಜೋರ ಅದಾಳಂತಲ್ಲ?"

ಮಂದಿಗೆ ಏನೂ ತಿಳಿಯದಿದ್ದರೂ ನಕ್ಕರು. ಅಲ್ಲಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಗೌಡತಿ ಉಡಿ ತುಂಬಿ ಕಳಿಸುವುದು ಆ ಊರಿನ ಕಟ್ಟಳೆ, ಮ್ಯಾನೇಜರನೇ ಮಾಡಿದ್ದು. ದೊಡ್ಡವ್ವ ಮೊರದಲ್ಲಿಂದ ಅಕ್ಕಿ ತೆಗೆದು, "ಸೆರಗ ಒಡ್ಡ" ಎಂದಳು. ನಾನು ಒಡ್ಡಿದೆ. ಅಕ್ಕಿ ಹಾಕಿದಳು, ಉತ್ತತ್ತಿ ಹಾಕಿದಳು. ಬಾಗಿ ನನ್ನ ಕಿವಿಯಲ್ಲಿ, "ನಿನ್ನ ಲಗ್ನದ್ದು ಉಳದಿತ್ತು, ತಗೋ" ಎಂದಳು. ನಾನು ಎಲ್ಲರ ಎದುರಿಗೇ ಅತ್ತುಬಿಟ್ಟೆ. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬಾಕೆ ನನ್ನ ಫೋಟೋ ತೆಗೆದಳು.

ಸಂಜೆ ಮ್ಯಾನೇಜರ್ ಬಳೆ ತೂಗುಹಾಕುವ ಗೂಟ ತೋರಿಸಿದ. ದೊಡ್ಡವ್ವ ಎರಡೂ ಕೈ ಮುಂದೆ ಮಾಡಿ, "ಬರವಲ್ಲುವ್ರಿ ಸಾಹೇಬ್ರ" ಎಂದಳು, ಬಹಳ ಸಂಕಟವಾದವಳ ಹಾಗೆ. ಬಸ್ಸಿನಲ್ಲಿ ದೊಡವಾಡದವರು ಕೈ ನೋಡುವರು, ಮುಖ ನೋಡುವರು, ಕಿಟಕಿಯಾಚೆ ನೋಡುವರು. ಆಕೆ ಮುಂದಿನ ಸೀಟಿನ ಕಂಬಿ ಹಿಡಿದು, ಬಳೆ ಕಾಣುವ ಹಾಗೆಯೇ ಕೂತಿದ್ದಳು.

ಮನೆಯಲ್ಲಿ ಅವ್ವ ನೋಡಿದವಳೇ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ಅವ್ವ ಕೆಟ್ಟವಳಲ್ಲ. ಹಿರಿಯರು ಹೇಳಿದ್ದನ್ನು ಬಿಟ್ಟರೆ ಮನೆ ಕುಸಿಯುತ್ತದೆ ಎಂದು ನಂಬಿದವಳು.

"ಏನ ಮಾಡಿಕೊಂಡ ಬಂದೀಯಕ್ಕಾ? ತಗಿ ಮದಲ."

"ಬರಂಗಿಲ್ಲ. ಒಡೀಬೇಕು."

"ಹಂಗಾದ್ರ ಒಡೀ."

"ಒಮ್ಮೆ ಒಡದಾರ," ಎಂದು ದೊಡ್ಡವ್ವ ಮಣಿಕಟ್ಟು ತಿರುವಿ ತೋರಿಸಿದಳು. ಆಮೇಲೆ ಕೆಳಗೆ ಕೂತಳು, ಕೈ ಮೊಣಕಾಲಿನ ಮೇಲೆ. "ವರ್ಷಾ ವರ್ಷಾ ಸವದತ್ತಿ ಗುಡ್ಡಕ್ಕ ಹೋಗಿ ಎಲ್ಲವ್ವಗ ಬಳಿ ಕೊಟ್ಟ ಬರತಿ. ಒಂದ ಹುಣ್ಣಿವಿಗೆ ಆಕಿ ಗಂಡ ಸಾಯತಾನ, ಬಳಿ ಒಡೀತಾರ. ಮುಂದ ಮುತ್ತೈದಿ ಹುಣ್ಣಿವಿಗೆ ಮತ್ತ ಇಡತಾರ. ನೀನೂ ಇಟ್ಟ ಕೈ ಮುಗದ ಬರತಿ. ಹೌದಲ್ಲ?"

"ಆಕಿ ದೇವರಕ್ಕಾ!"

"ಹೌದ. ದೇವರಿಗೇ ಮುತ್ತೈದಿ ಹುಣ್ಣಿವಿ ದಾಟಿ ತಡಕೋಳಾಕ ಆಗಲಿಲ್ಲ. ನಾ ಎಷ್ಟ ಹುಣ್ಣಿವಿ ತಡದೇನಿ, ನೀನ ಎಣಸ."

ಅವ್ವ ಎಣಿಸಲಿಲ್ಲ. ಅಪ್ಪ ಟಿವಿಯ ದನಿ ಜೋರು ಮಾಡಿದ. ನಮ್ಮ ಮನೆಯ ಗಂಡಸರು ಇಂಥ ಹೊತ್ತಿನಲ್ಲಿ ಮಾಡುವುದೇ ಅದು.

"ಅವನ್ನ ಇಟಗೊಂಡ ದೇವರ ಜಗಲಿ ಮುಟ್ಟಬ್ಯಾಡ," ಎಂದಳು ಅವ್ವ ಕಡೆಗೆ.

ದೊಡ್ಡವ್ವ ಕೊರಳಿನ ಲಿಂಗ ಅಂಗೈಯಲ್ಲಿ ಹಿಡಿದು ತೋರಿಸಿದಳು. "ನನ್ನ ದೇವರ ನನ್ನ ಕೊರಳಾಗ ಅದಾನ. ಅವ ಏನೂ ಅಂದಿಲ್ಲ." ಆವತ್ತಿನಿಂದ ಜಗಲಿಯ ಕಡೆ ಹೋಗಲೇ ಇಲ್ಲ. ಅಲ್ಲಿಯ ದೀಪಕ್ಕೆ ಎಣ್ಣೆ ಹಾಕುವುದನ್ನೂ ಬತ್ತಿ ಹೊಸೆಯುವುದನ್ನೂ ಅವ್ವನೇ ಕಲಿಯಬೇಕಾಯಿತು.

ಹಳೇ ಊರಿನಲ್ಲಿ ಆಕೆ ಅರಸಿ. ಬಾಗಿಲುಗಳು ಅಲ್ಲಿಯೂ ಗಿಡ್ಡ, ಬೈಗುಳ ಅಲ್ಲಿಯೂ ತಪ್ಪಲಿಲ್ಲ. ಉಡಿ ತುಂಬುವಾಗ ಕಂಬದ ಮರೆಗೆ ಸರಿದು ನಿಲ್ಲುವ ಹೆಂಗಸರನ್ನು ಆಕೆಯ ಕಣ್ಣು ತಪ್ಪದೆ ಹುಡುಕುತ್ತಿತ್ತು. "ಅಲ್ಯಾಕ ನಿಂತ್ರಿ? ಬರ್ರಿ, ಸೆರಗ ಒಡ್ರಿ" ಎಂದು ಕರೆಯುವಳು. ಅವರು ಬೇಡವೆಂದು ಕೈ ಆಡಿಸಿದರೆ, "ತುಂಬಿಸಿಕೊಂಡ್ರ ಏನಾಕ್ಕೈತಿ?" ಎಂದು ಅಕ್ಕಿಯ ಮೊರ ಹಿಡಿದು ಅವರ ಮುಂದೆಯೇ ಕಾಯುವಳು. ಒಬ್ಬೊಬ್ಬರು ಗಾಬರಿಯಾಗಿ ಹೊರಗೆ ಹೋಗುತ್ತಿದ್ದರಂತೆ. ಉಳಿದವರು ಒಡ್ಡುತ್ತಿದ್ದರು.

ಗಲಾಟೆ ಆದದ್ದು ರಾಮದುರ್ಗದ ಮಹಿಳಾ ಸಂಘದವರು ಬಂದ ದಿನ. ಅವರು ಬಾಡಿಗೆಗೆ ಹಿಡಿದ ಬಸ್ಸಿಗೆ ನಾನೇ ಕಂಡಕ್ಟರ್. ಸಂಘದ ಅಧ್ಯಕ್ಷೆ ದೊಡ್ಡ ಮನೆತನದಾಕೆ, ಜೊತೆಗೆ ಬಸುರಿ ಸೊಸೆ. ದೊಡ್ಡವ್ವ ಆ ಹುಡುಗಿಗೆ ಒಂದು ಹಿಡಿ ಹೆಚ್ಚೇ ಅಕ್ಕಿ ಹಾಕಿ, ಹೊಟ್ಟೆ ಸವರಿ, "ಆರಾಮ ಹಡಿ" ಎಂದಳು. ಅಷ್ಟರಲ್ಲಿ ಗುಂಪಿನಲ್ಲಿದ್ದ ದೊಡವಾಡದ ತವರಿನಾಕೆಯೊಬ್ಬಳಿಗೆ ಗುರುತು ಹತ್ತಿತು.

"ಅಯ್ಯ, ಈಕಿ ಗಂಡ ಸತ್ತಾಕೀರಿ! ನಮ್ಮೂರಾಕಿ!"

ವಾಡೆಯ ಅಂಗಳದಲ್ಲಿದ್ದವರೆಲ್ಲ ದೊಡ್ಡವ್ವನ ಕಡೆ ತಿರುಗಿದರು. ಅಧ್ಯಕ್ಷೆ ಸೊಸೆಯ ತೋಳು ಹಿಡಿದು ಎಳೆದಳು. "ಚಲ್ಲ ಅದನ್ನ! ಇಲ್ಲೇ ಚಲ್ಲ!" ಎಂದು ಚೀರಿದಳು. ಮ್ಯಾನೇಜರ್ ಓಡಿ ಬಂದ. "ಅಜ್ಜೀ, ನಿಜವಾ? ನೀವು ಹೇಳಲೇ ಇಲ್ಲವಲ್ಲ?"

"ನೀವ ಕೇಳಲೇ ಇಲ್ಲಲ್ರಿ."

"ಆ ಕಾಲದಲ್ಲಿ ಹೀಗೆ ಇರಲಿಲ್ಲ ಅಜ್ಜೀ. ವಿಧವೆಯರು ಉಡಿ ತುಂಬುತ್ತಿರಲಿಲ್ಲ. ನಾಳೆಯಿಂದ ನೀವು ಹಿಂದಿನ ಬೀಸುವ ಕೋಣೆಯಲ್ಲಿ ಕೂತ್ಕೊಳ್ಳಿ, ಬಳೆ ತೆಗೆದು."

ಮತ್ತೆ ಬಾಗಿಲ ಹಿಂದೆ. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡವ್ವ ಹೊಸ್ತಿಲ ಮೇಲೆ ಕೂತಳು, ಯಾರೂ ದಾಟದ ಹಾಗೆ. ಬಳೆಯ ಕೈ ಮೊಣಕಾಲಿನ ಮೇಲಿಟ್ಟಳು.

"ಆ ಕಾಲಕ್ಕ ಇರಲಿಲ್ಲ, ಖರೇ. ಈ ಕಾಲಕ್ಕ ಐತೇನ್ರಿ? ಗೇಟಿನ ಹೊರಗ ನಾ ಉಡಿ ತುಂಬಿದ್ರ ಯಾರರ ಒಡ್ಡತಾರೇನು? ನೂರಾರ ವರ್ಷದ ಹಿಂದಿನ ಊರಾಗರ ನನಗ ಎರಡ ಬಳಿ ಸಿಕ್ಕಾವ. ನಾ ಇಲ್ಲಿಂದ ಏಳಂಗಿಲ್ಲ. ಎಬ್ಬಸ್ರಿ, ನೋಡೂಣ."

ಯಾರೂ ಹತ್ತಿರ ಬರಲಿಲ್ಲ. ಆಗ ಪಡಸಾಲೆಯಿಂದ ಕಾಕಾ ರುಮಾಲು ಸರಿಮಾಡಿಕೊಳ್ಳುತ್ತ ಎದ್ದು ಬಂದ. ಅಧ್ಯಕ್ಷೆಯ ಮುಂದೆ ನಿಂತು, ನಿಜವಾದ ಗೌಡನ ಗತ್ತಿನಲ್ಲೇ ಕೇಳಿದ.

"ಗೌಡ ನಾನು. ಜೀವಂತ ನಿಂತೇನಿ ನಿಮ್ಮ ಮುಂದ. ನನ್ನ ಗೌಡತಿ ಹೆಂಗ ಗಂಡ ಸತ್ತಾಕಿ ಆದ್ಲು?"

ಯಾರೋ ಕಿಸಕ್ಕೆಂದರು. ಆಮೇಲೆ ಅಂಗಳವೇ ನಕ್ಕಿತು. ಅಧ್ಯಕ್ಷೆ ಮಾತ್ರ ನಗಲಿಲ್ಲ. ಸೊಸೆಯ ಸೆರಗಿಗೆ ಕೈ ಹಾಕಿದಳು. ಆ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿನ ಗಂಟು ಹೊಟ್ಟೆಗೆ ಒತ್ತಿ ಹಿಡಿದು, "ನಾ ಚಲ್ಲಂಗಿಲ್ರಿ ಅತ್ತಿ. ನನಗ ಹಾಕ್ಯಾರ, ನಂದು" ಎಂದಳು. ಬಸ್ಸಿನಲ್ಲಿ ರಾಮದುರ್ಗದವರೆಗೂ ಆ ಗಂಟು ಬಿಡಲಿಲ್ಲ. ನಾನು ಅವಳನ್ನು ನನ್ನ ಸೀಟಿನ ಹತ್ತಿರವೇ ಕೂರಿಸಿಕೊಂಡಿದ್ದೆ, ಅತ್ತೆ ಬೇರೆ ಕಡೆ.

ಮ್ಯಾನೇಜರ್ ದೊಡ್ಡವ್ವನನ್ನು ಅಲ್ಲಿಂದ ಎಬ್ಬಿಸಲಿಲ್ಲ. ಮರುದಿನವೂ ಆಕೆ ಹೋಗಿ ಅದೇ ಹೊಸ್ತಿಲ ಮೇಲೆ ನಿಂತಳು. ಸ್ವಲ್ಪ ದಿನ ಕಳೆದ ಮೇಲೆ ಅವನೇ ಮೈಸೂರಿನಿಂದ ತನ್ನ ತಾಯಿಯನ್ನು ಕರೆತಂದು ದೊಡ್ಡವ್ವನ ಮುಂದೆ ನಿಲ್ಲಿಸಿದ. ಆ ತಾಯಿಯ ಕೊರಳಲ್ಲೂ ತಾಳಿ ಇರಲಿಲ್ಲ ಎಂದು ಕಾಕಾ ಆಮೇಲೆ ನನಗೆ ಹೇಳಿದ.

ಮರುವರ್ಷ ನನ್ನ ಗಂಡ ತೀರಿಕೊಂಡ. ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಒಳ್ಳೆಯ ಮನುಷ್ಯ. ನನ್ನ ಡ್ಯೂಟಿಯ ದಿನ ತಾನೇ ಅಡಿಗೆ ಮಾಡಿ ಡಬ್ಬಿ ಕಟ್ಟಿ ಕೊಡುತ್ತಿದ್ದ. ಅವನ ವಿಷಯ ಇಲ್ಲಿ ಹೆಚ್ಚು ಬರೆಯಲಾರೆ.

ಬೈಲಹೊಂಗಲದ ಮನೆಯಲ್ಲಿ ಹೆಂಗಸರು ನನ್ನ ಸುತ್ತ ಕೂತಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಯಾರೋ ಕಲ್ಲು ತಂದಿಟ್ಟ ಸಪ್ಪಳ ಮಾತ್ರ ಕೇಳಿತು. ಆಮೇಲೆ ಓಣಿಯಾಚೆಯಿಂದ ಆ ದನಿ, ಬಾಗಿಲಿಗೆ ಹಣೆ ಬಡಿದ ಸಪ್ಪಳ, ಬಾಗಿಲಿಗೆ ಬೈಗುಳ. ದೊಡ್ಡವ್ವ ಗುಂಪು ಸೀಳಿಕೊಂಡು ಬಂದು ನನ್ನ ಎದುರಿಗೆ ಕೂತು, ನನ್ನ ಎರಡೂ ಮಣಿಕಟ್ಟುಗಳನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಹಿಡಿತ ಬಿಗಿಯಾಗಿತ್ತು, ನನಗೆ ನೋಯಿತು. ಆ ದಿನ ನನಗೆ ಗೊತ್ತಾದ ಮೊದಲ ನೋವು ಅದೇ.

"ಬಿಡ ಬೀಗತಿ," ಎಂದಳು ನಮ್ಮತ್ತೆ. ಆಕೆಯೂ ಗಂಡನನ್ನು ಕಳಕೊಂಡವಳು. "ಆಗೂದ ಆಗಬೇಕು. ನಮಗೆಲ್ಲಾ ಆಗಿಲ್ಲೇನು?"

"ಆಗೇತಿ. ನಮಗ ಆಗೇತಿ ಅಂತನ ಈಕಿಗೆ ಬ್ಯಾಡ." ದೊಡ್ಡವ್ವ ಕೈ ಸಡಿಲಿಸದೆ ತನ್ನ ಮಣಿಕಟ್ಟನ್ನು ಮೇಲಕ್ಕೆ ತಿರುವಿದಳು. "ಇದನ್ನ ನೋಡ. ನಿನ್ನ ಕೈಯಾಗೂ ಇರಬೇಕು ಒಂದು."

ನಮ್ಮತ್ತೆ ತನ್ನ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಒಡೀಲಿಲ್ಲ ಅಂದ್ರ ಏನಾಕ್ಕೈತಿ? ಹೇಳ್ರಿ, ಕೇಳೂಣ," ಎಂದು ದೊಡ್ಡವ್ವ ಸುತ್ತಲಿದ್ದ ಎಲ್ಲರ ಮುಖ ನೋಡಿದಳು. "ಒಡದ್ರ ಅವ ಎದ್ದ ಬರತಾನಂದ್ರ ಹೇಳ್ರಿ, ನಾನ ಒಡೀತೇನಿ."

ಮಣ್ಣು ಮಾಡಿ ಗಂಡಸರು ತಿರುಗಿ ಬರುವವರೆಗೂ ಆಕೆ ನನ್ನ ಕೈ ಬಿಡಲಿಲ್ಲ. ನೀರು ಕುಡಿಯಲಿಲ್ಲ, ಎಲೆ ಅಡಿಕೆ ಮುಟ್ಟಲಿಲ್ಲ. ಕಲ್ಲು ನಮ್ಮ ಪಕ್ಕದಲ್ಲೇ ಇತ್ತು. ಕೊನೆಗೆ ನಮ್ಮತ್ತೆಯೇ ಅದನ್ನು ಎತ್ತಿ ಹಿತ್ತಲಿಗೆ ಒಗೆದು ಬಂದಳು.

ಡ್ಯೂಟಿಗೆ ತಿರುಗಿ ಹೋದ ದಿನ ಬಸ್ಸಿನಲ್ಲಿ ಎಲ್ಲರ ಕಣ್ಣೂ ನನ್ನ ಕೈಯ ಮೇಲೆ. ಮಶೀನಿನಿಂದ ಟಿಕೀಟು ತೆಗೆದು ಕೊಟ್ಟಾಗಲೆಲ್ಲ ಬಳೆ ಸಪ್ಪಳ ಮಾಡುತ್ತಿದ್ದವು. ಒಬ್ಬ ಮುದುಕ, "ಏನವಾ, ನಿನ್ನ ಗಂಡ ಹ್ವಾದ ಅಂತ ಕೇಳಿದ್ನೆಲ್ಲ?" ಎಂದ. "ಹೌದ್ರಿ, ಹ್ವಾದ. ನೀವ ಎಲ್ಲಿಗೆ?" ಎಂದೆ. ಆತ ಸವದತ್ತಿ ಎಂದ. ಟಿಕೀಟು ಕೊಟ್ಟೆ.

ಕಳೆದ ಮಳೆಗಾಲದಲ್ಲಿ ದೊಡ್ಡವ್ವ ಹೋದಳು. ಎರಡು ದಿನದ ಜ್ವರ, ಅಷ್ಟೇ. ದೊಡವಾಡದ ಮನೆಯಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊರಗೆ ಕಟ್ಟೆಯ ಮೇಲೆ ಕಾಕಾ, ಕೆಲಸದಿಂದ ಹಾಗೇ ಎದ್ದು ಬಂದವನು, ಗೌಡನ ರುಮಾಲು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಓಣಿಯ ಹಿರಿಯಾಕೆಯೊಬ್ಬಳು ದೊಡ್ಡವ್ವನ ಕೈ ನೋಡಿ, "ಗಂಡ ಸತ್ತಾಕಿ, ಹಿಂಗ ಹಸರ ಬಳೀಲೆ ಕಳಸಬಾರದು. ಕಲ್ಲ ತರ್ರಿ" ಎಂದಳು.

ನಾನು ಎದ್ದೆ. ಆದರೆ ನನಗಿಂತ ಮುಂಚೆ ಅವ್ವ ಎದ್ದಿದ್ದಳು. ದೊಡ್ಡವ್ವನ ಎದುರಿಗೆ, ಹಿರಿಯಾಕೆಗೆ ಅಡ್ಡವಾಗಿ ಬಂದು ನೆಲಕ್ಕೆ ಕೂತಳು. ಎರಡೂ ಕೈ ಮೊಣಕಾಲಿನ ಮೇಲಿಟ್ಟಳು.

"ಕಳಿಸಿದ್ರ ಏನಾಕ್ಕೈತಿ? ಹೇಳ, ಕೇಳೂಣ."

ಅವ್ವನ ದನಿ ದೊಡ್ಡವ್ವನ ಹಾಗೆ ಗಟ್ಟಿ ಇರಲಿಲ್ಲ. ಆದರೂ ಕಾದಳು. ಕಾದು ಕಾದು ಅವ್ವ ನನ್ನ ಕಡೆ ತಿರುಗಿ, "ಅಕ್ಕಿ ತಗೊಂಡ ಬಾ, ಉತ್ತತ್ತಿ ಜಗಲಿ ಮ್ಯಾಲ ಅದಾವ. ನೀನ ತುಂಬ" ಎಂದಳು.

ನಾನು ಜಗಲಿಯ ಮೇಲಿಂದ ಉತ್ತತ್ತಿ ತೆಗೆದುಕೊಂಡೆ. ಗಂಡ ಸತ್ತ ನಾನು, ಗಂಡ ಸತ್ತ ನನ್ನ ದೊಡ್ಡವ್ವನ ಸೆರಗು ಬಿಡಿಸಿ, ಅಕ್ಕಿ ಹಾಕಿದೆ, ಉತ್ತತ್ತಿ ಹಾಕಿದೆ, ಕೊಬ್ಬರಿ ಬಟ್ಟಲು ಹಾಕಿದೆ, ಅರಿಷಿಣದ ಕೊಂಬು ಹಾಕಿದೆ. ಇಡೀ ಓಣಿ ನೋಡುತ್ತ ನಿಂತಿತ್ತು. ಏನೂ ಆಗಲಿಲ್ಲ.